ನಮ್ಮ ಕಲ್ಲಿದ್ದಲು ಚೆನ್ನಾಗಿತ್ತಾ?

ಶನಿವಾರ ಮಧ್ಯಾಹ್ನ ಅಮೆರಿಕದ ಮೇಟ್‌ವಾನ್ ಎಂಬ ಊರಿನಲ್ಲಿ ಒಬ್ಬ ಹಿರಿಯರು ನಮ್ಮ ಅಪ್ಪನಿಗೆ ಒಂದು ಪ್ರಶ್ನೆ ಕೇಳಿದರು. "ನಮ್ಮ ಕಲ್ಲಿದ್ದಲು ಚೆನ್ನಾಗಿತ್ತಾ?" ಅಷ್ಟೇ. ಇವತ್ತು ಗುರುವಾರ. ಆಫೀಸಿನ ಮೀಟಿಂಗಿನಲ್ಲಿ, ಒಲೆ ಮುಂದೆ ನಿಂತಾಗ, ರಾತ್ರಿ ಮಲಗುವ ಮುಂಚೆ, ಅದೇ ಮಾತು ಮತ್ತೆ ಮತ್ತೆ ಬರುತ್ತಿದೆ. ಕೇಳಿದವರ ಮೂಗಿಗೆ ಆಕ್ಸಿಜನ್‌ನ ಸಣ್ಣ ಕೊಳವೆ ಇತ್ತು. ಪುಟ್ಟ ಮೆಷಿನ್ ಪಕ್ಕದ ಕುರ್ಚಿಯ ಮೇಲಿತ್ತು. ಒಂದು ವಾಕ್ಯ ಮುಗಿಸಲು ಅವರು ನಡುವೆ ಉಸಿರು ತೆಗೆದುಕೊಳ್ಳಬೇಕಿತ್ತು. ಈ ಮೂರು ಶಬ್ದಕ್ಕೆ ಮಾತ್ರ ನಿಲ್ಲಲಿಲ್ಲ.

ಅಪ್ಪ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕಚ್ಚಾ ಮಾಲಿನ ಯಾರ್ಡ್ ಅವರ ಜಾಗ. ರೈಲಿನಲ್ಲಿ ಬಂದ ಕಲ್ಲಿದ್ದಲನ್ನು ಇಳಿಸಿ, ತೂಕ ಬರೆದು, ಯಾವುದು ಎಲ್ಲಿಯದು ಎಂದು ಬೇರೆ ಬೇರೆ ರಾಶಿ ಹಾಕಿಸುವುದು. ಆಸ್ಟ್ರೇಲಿಯಾದ ರಾಶಿ ಒಂದು ಕಡೆ, ಅಮೆರಿಕದ್ದು ಒಂದು ಕಡೆ. ನಾವು ಚಿಕ್ಕವರಿದ್ದಾಗ ಅಪ್ಪ ಮನೆಗೆ ಬಂದರೆ ಅಂಗಿಯ ಕಾಲರ್ ನೋಡಿಯೇ ಅವ್ವ ಹೇಳುತ್ತಿದ್ದರು, ಇವತ್ತು ಅದಿರಿನ ಕಡೆ ಹೋಗಿದ್ದರೋ ಕೋಲ್ ಕಡೆ ಹೋಗಿದ್ದರೋ ಅಂತ. ಅದಿರಾದರೆ ಕೆಂಪು, ಕೋಲ್ ಆದರೆ ಕಪ್ಪು.

ಈ ಬೇಸಿಗೆಗೆ ಅಪ್ಪ ನಮ್ಮ ಹತ್ತಿರ ನಾರ್ತ್ ಕೆರೊಲೈನಾ ರಾಜ್ಯದ ಷಾರ್ಲಟ್‌ಗೆ ಬಂದಿದ್ದಾರೆ. ಊರಿಂದ ಅಪ್ಪ ಅಮ್ಮ ಬಂದರೆ ನಯಾಗರ, ನ್ಯೂಯಾರ್ಕ್, ವಾಷಿಂಗ್ಟನ್ ತೋರಿಸುವುದು ಇಲ್ಲಿಯ ಕನ್ನಡದವರ ವಾಡಿಕೆ. ನಾನೂ ಅದನ್ನೇ ಯೋಚಿಸಿದ್ದೆ. ಅಪ್ಪ ಕೇಳಿದ್ದೇ ಬೇರೆ.

"ನಮ್ಮ ಯಾರ್ಡಿಗೆ ಅಮೆರಿಕದ ಕೋಲ್ ಬರ್ತಿತ್ತಲ್ಲ, ಅದು ಎಲ್ಲಿಂದ ಬರ್ತಿತ್ತವ್ವಾ? ಇಲ್ಲಿಂದ ಭಾಳ ದೂರ ಐತೇನು?"

ದೂರವಿಲ್ಲ. ಷಾರ್ಲಟ್‌ನಿಂದ ಉತ್ತರಕ್ಕೆ ಹೋದರೆ ವರ್ಜೀನಿಯಾ ದಾಟುತ್ತಿದ್ದಂತೆ ವೆಸ್ಟ್ ವರ್ಜೀನಿಯಾ. ಉಕ್ಕಿಗೆ ಬೇಕಾಗುವ ಕಲ್ಲಿದ್ದಲು ಆ ರಾಜ್ಯದ ದಕ್ಷಿಣದ ಬೆಟ್ಟಗಳಲ್ಲಿದೆ. ಅಲ್ಲಿ ತೆಗೆದದ್ದು ರೈಲಿನಲ್ಲಿ ನಾರ್ಫೋಕ್ ಬಂದರಿಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತದೆ. ಈಚಿನ ವರ್ಷಗಳಲ್ಲಿ ಅಮೆರಿಕದ ಕಲ್ಲಿದ್ದಲನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಭಾರತವೂ ಒಂದು. ಅಪ್ಪ ದುಡಿದ ಕಾರ್ಖಾನೆಯವರೇ 2010ರಲ್ಲಿ ಇದೇ ರಾಜ್ಯದಲ್ಲಿ ಗಣಿಗಳನ್ನು ಕೊಂಡಿದ್ದರು. ಇಷ್ಟು ವರ್ಷ ಇಷ್ಟು ಹತ್ತಿರ ಇದ್ದುಕೊಂಡು ನಮ್ಮಲ್ಲಿ ಯಾರೂ ಆ ಕಡೆ ಹೋಗಿರಲಿಲ್ಲ.

ಹೋಗುತ್ತೇವೆ ಅಂದಾಗ ಬಂದ ಮಾತುಗಳನ್ನು ಇಲ್ಲಿ ಬರೆಯಲೇಬೇಕು. "ಅಲ್ಲೇನಿದೆ ನೋಡೋಕೆ? ಮಾತ್ರೆ ನುಂಗಿ ಬಿದ್ದಿರೋ ಜನ" ಅಂದರು ಒಬ್ಬ ಪರಿಚಯದವರು. ಒಳ್ಳೆ ಓದಿದವರು, ಹಬ್ಬಕ್ಕೆ ಎಲ್ಲರನ್ನೂ ಕರೆದು ಊಟ ಹಾಕುವವರು. ಇಂಥವರ ಬಾಯಲ್ಲಿ ಇಂಥ ಮಾತು ಬಂದಾಗ ನನಗೆ ಸಿಟ್ಟಿಗಿಂತ ಬೇಸರ ಜಾಸ್ತಿ ಆಗುತ್ತದೆ. ಇನ್ನೊಬ್ಬರು, "ವಯಸ್ಸಾದವರನ್ನು ಅಂಥ ಕಡೆ ಕರ್ಕೊಂಡು ಹೋಗ್ತಾರಾ?" ಅಂದರು. ಅಪ್ಪನಿಗೆ ಹೇಳಿದೆ. "ನಾನೂ ಅಂಥ ಕಡೆಯವನೇ ಅಲ್ಲೇನು" ಅಂದರು.

ಬ್ಲೂಫೀಲ್ಡ್ ತನಕ ದೊಡ್ಡ ಹೆದ್ದಾರಿ. ಆಮೇಲೆ 52ನೇ ನಂಬರಿನ ರಸ್ತೆ. ಅಲ್ಲಿಂದ ಮುಂದೆ ಎಲ್ಲ ತಿರುವುಗಳೇ. ಎರಡೂ ಕಡೆ ದಟ್ಟ ಕಾಡಿನ ಕಡಿದಾದ ಬೆಟ್ಟ. ಕೆಳಗೆ ಸಣ್ಣ ಹೊಳೆ, ಹೊಳೆಯ ಪಕ್ಕ ರೈಲು ಹಳಿ, ಹಳಿಯ ಪಕ್ಕ ರಸ್ತೆ, ಉಳಿದ ಜಾಗದಲ್ಲಿ ಮನೆಗಳು. ಊರು ಉದ್ದಕ್ಕೆ ಇರುತ್ತದೆ, ಅಗಲಕ್ಕೆ ಇಲ್ಲ. ಅಗಲಕ್ಕೆ ಜಾಗವೇ ಇಲ್ಲ.

ರಸ್ತೆಯಿಂದ ಸ್ವಲ್ಪ ಒಳಗೆ ಬ್ರಾಮ್‌ವೆಲ್ ಎಂಬ ಪುಟ್ಟ ಊರಿದೆ. ನೂರು ವರ್ಷದ ಹಿಂದೆ ಗಣಿ ಮಾಲೀಕರು ಇದ್ದ ಊರು. ಅವರ ದೊಡ್ಡ ದೊಡ್ಡ ಮನೆಗಳು ಇವತ್ತಿಗೂ ಚೆನ್ನಾಗಿವೆ. ಅಲ್ಲಿಂದ ಮುಂದೆ ಮ್ಯಾಕ್‌ಡೊವೆಲ್ ಜಿಲ್ಲೆ ಸಿಗುತ್ತದೆ. ಅಲ್ಲಿ ನೋಡಿದರೆ ಮನೆಗಳ ಸೂರು ಕುಸಿದಿದೆ, ಅಂಗಡಿಗಳ ಕಿಟಕಿಗೆ ಹಲಗೆ ಹೊಡೆದಿದ್ದಾರೆ. ಅಪ್ಪ ಕಾರಿನ ಕಿಟಕಿಯಿಂದ ಎರಡನ್ನೂ ನೋಡಿದರು. ಏನೂ ಹೇಳಲಿಲ್ಲ.

1950ರಲ್ಲಿ ಈ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಜನ ಇದ್ದರು. 2020ರ ಜನಗಣತಿಯಲ್ಲಿ 19,111. ಮೊದಲು ಯಂತ್ರ ಬಂದು ಕೆಲಸಗಾರರನ್ನು ಕಡಿಮೆ ಮಾಡಿತು, ಆಮೇಲೆ ದೊಡ್ಡ ಗಣಿಗಳೇ ಮುಚ್ಚಿದವು. ಅಮೆರಿಕದಲ್ಲಿ ಬಡವರಿಗೆ ಕೊಡುವ ಆಹಾರದ ಕೂಪನ್ ಇದೆಯಲ್ಲ, ಕೆನಡಿ ಕಾಲದಲ್ಲಿ ಆ ಯೋಜನೆ ಶುರುವಾದಾಗ ಮೊದಲ ಕೂಪನ್ ಕೊಟ್ಟಿದ್ದು ಇದೇ ಜಿಲ್ಲೆಯಲ್ಲಿ, ವೆಲ್ಚ್ ಪೇಟೆಯಲ್ಲಿ, 1961ರಲ್ಲಿ. ದೇಶಕ್ಕೆಲ್ಲ ಉಕ್ಕು ಮಾಡಲು ಕಲ್ಲಿದ್ದಲು ಕೊಟ್ಟ ಜಿಲ್ಲೆ ಅದು. ಈ ಎರಡು ಸಂಗತಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ವೆಲ್ಚ್‌ನಲ್ಲಿ ಕೋರ್ಟಿನ ಮೆಟ್ಟಿಲ ಹತ್ತಿರ ಕಾರು ನಿಲ್ಲಿಸಿದೆ. ಆ ಮೆಟ್ಟಿಲ ಕಥೆಯ ಮೊದಲ ಭಾಗ ಮೇಟ್‌ವಾನ್‌ನಲ್ಲಿದೆ. ಅಲ್ಲಿಗೆ ಇನ್ನೂ ಗಂಟೆಗೂ ಜಾಸ್ತಿ ದಾರಿ.

ಮೇಟ್‌ವಾನ್ ಮಿಂಗೊ ಜಿಲ್ಲೆಯ ಊರು. ಟಗ್ ಫೋರ್ಕ್ ನದಿಯ ದಂಡೆ. ನದಿ ದಾಟಿದರೆ ಕೆಂಟಕಿ ರಾಜ್ಯ. ನಾನೂರು ಜನ ಇರಬಹುದು. 1977ರಲ್ಲಿ ನದಿ ಉಕ್ಕಿ ಊರನ್ನೇ ಮುಳುಗಿಸಿತ್ತು. ಆಮೇಲೆ ಊರಿಗೆ ದೊಡ್ಡ ಕಾಂಕ್ರೀಟ್ ಗೋಡೆ ಕಟ್ಟಿದ್ದಾರೆ. ಗೋಡೆಗೆ ಬಾಗಿಲುಗಳಿವೆ. ಪ್ರವಾಹ ಬಂದಾಗ ಮುಚ್ಚುತ್ತಾರೆ. ಪೇಟೆ ಅಂದರೆ ಒಂದೇ ಬೀದಿ. ಬೀದಿಯ ಹಿಂದೆಯೇ ರೈಲು.

ಅಲ್ಲಿ ಗಣಿ ಹೋರಾಟದ ಮ್ಯೂಸಿಯಂ ಇದೆ. 2015ರಲ್ಲಿ ಶುರುವಾದದ್ದು. ಚಿಕ್ಕದು, ಆದರೆ ಒಂದೊಂದು ವಸ್ತುವನ್ನೂ ಪ್ರೀತಿಯಿಂದ ಇಟ್ಟಿದ್ದಾರೆ. ಅಲ್ಲಿದ್ದ ಹೆಂಗಸು ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ ಅಂತ ಗೊತ್ತಾದ ಮೇಲೆ ನಿಧಾನವಾಗಿ, ಒಂದೊಂದೇ ವಸ್ತು ತೋರಿಸಿ ಹೇಳಿದರು. ಅಪ್ಪನನ್ನು ಬಿಟ್ಟು ನನಗೆ ಹೇಳಲು ಹೋಗಲಿಲ್ಲ. ಮುಖ ಅಪ್ಪನ ಕಡೆಗೇ ಇತ್ತು. ದೊಡ್ಡ ದೊಡ್ಡ ಊರಿನ ಕೌಂಟರುಗಳಲ್ಲಿ ಕೂತವರು ಈ ಒಂದು ಗುಣ ಕಲಿತರೆ ಸಾಕು ಅನ್ನಿಸಿತು.

ಕಥೆ ಹೀಗಿದೆ. ನೂರು ವರ್ಷದ ಹಿಂದೆ ಗಣಿ ಕೆಲಸಗಾರರ ಮನೆ ಕಂಪನಿಯದು, ಅಂಗಡಿ ಕಂಪನಿಯದು, ಕೊಡುವ ಕೂಲಿಯೂ ಬಹಳ ಕಡೆ ಕಂಪನಿಯದೇ ಬಿಲ್ಲೆ. ಬೇರೆ ಅಂಗಡಿಯಲ್ಲಿ ಅದು ನಡೆಯುತ್ತಿರಲಿಲ್ಲ. ಕೂಲಿ ಟನ್ನಿನ ಲೆಕ್ಕ. ತೂಕ ಮಾಡುವವನು ಕಂಪನಿಯವನು. ಇಲ್ಲಿಗೆ ಬಂದಾಗ ಅಪ್ಪ ತಡೆದರು.

"ತೂಕ ಬರೆಯೋನೂ ಅವರ ಕಡೆಯವನೇನು?"

ಹೌದು. ಅದಕ್ಕೇ ತಮ್ಮ ಕಡೆಯ ಒಬ್ಬ ತೂಕ ನೋಡುವವನು ಇರಬೇಕು ಅನ್ನುವುದು ಅವರ ದೊಡ್ಡ ಬೇಡಿಕೆಗಳಲ್ಲಿ ಒಂದಾಗಿತ್ತು. ಅಪ್ಪನಿಗೆ ಬಂದೂಕಿನ ಕಥೆಗಿಂತ ಈ ತೂಕದ ಕಥೆಯೇ ಹಿಡಿಸಿತು. ಬಳ್ಳಾರಿಯಲ್ಲಿ ಅಕ್ರಮ ಗಣಿ ಜೋರಾಗಿದ್ದಾಗ ಲಾರಿಗಳು, ತೂಕದ ಚೀಟಿಗಳು ಏನೇನು ಆಟ ಆಡಿದವು ಅಂತ ನೋಡಿದವರು ಅವರು. ತೂಕ ಸರಿ ಇಲ್ಲದ ಕಡೆ ಬೇರೆ ಏನೂ ಸರಿ ಇರುವುದಿಲ್ಲ ಅನ್ನುವುದು ಅವರ ಗಟ್ಟಿ ನಂಬಿಕೆ.

1920ರಲ್ಲಿ ಇಲ್ಲಿಯ ಗಣಿ ಕೆಲಸಗಾರರು ಯೂನಿಯನ್ ಸೇರಿದರು. ಸೇರಿದವರನ್ನು ಕೆಲಸದಿಂದ ತೆಗೆದರು, ಮನೆಯಿಂದಲೂ ಹೊರಗೆ ಹಾಕಿದರು. ಮೇ 19ರಂದು ಕಂಪನಿ ಕರೆಸಿದ ಬಾಲ್ಡ್‌ವಿನ್-ಫೆಲ್ಟ್ಸ್ ಎಂಬ ಪತ್ತೇದಾರಿ ಸಂಸ್ಥೆಯ ಬಂದೂಕುಧಾರಿಗಳು ರೈಲಿನಲ್ಲಿ ಬಂದು ಸಂಸಾರಗಳ ಸಾಮಾನು ಬೀದಿಗೆ ಎಸೆದರು. ಊರಿನ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ ಮತ್ತು ಮೇಯರ್ ಟೆಸ್ಟರ್‌ಮನ್ ಗಣಿ ಕೆಲಸಗಾರರ ಪರ ನಿಂತರು. ಇಂಥ ಊರಿನಲ್ಲಿ ಪೊಲೀಸ್ ಮತ್ತು ಮೇಯರ್ ಇಬ್ಬರೂ ಕೂಲಿಯವರ ಪರ ನಿಲ್ಲುವುದು ಬಲು ಅಪರೂಪ. ಸಂಜೆ ರೈಲು ಹಿಡಿಯಲು ಬಂದವರಿಗೂ ಊರಿನವರಿಗೂ ಹಳಿಯ ಪಕ್ಕ ಗುಂಡಿನ ಕಾಳಗ ಆಯಿತು. ಏಳು ಪತ್ತೇದಾರರು, ಇಬ್ಬರು ಗಣಿ ಕೆಲಸಗಾರರು, ಮೇಯರ್, ಒಟ್ಟು ಹತ್ತು ಹೆಣ ಬಿದ್ದವು. ಗುಂಡು ತಾಗಿದ ಇಟ್ಟಿಗೆ ಗೋಡೆ ಇವತ್ತಿಗೂ ಇದೆ. ಅಪ್ಪ ಆ ತೂತುಗಳಿಗೆ ಬೆರಳಿಟ್ಟು ನೋಡಿದರು.

ಮುಂದಿನ ವರ್ಷ ಆಗಸ್ಟ್ 1ರಂದು ಸಿಡ್ ಹ್ಯಾಟ್‌ಫೀಲ್ಡ್ ಮತ್ತು ಅವನ ಗೆಳೆಯ ಎಡ್ ಚೇಂಬರ್ಸ್ ವೆಲ್ಚ್ ಕೋರ್ಟಿಗೆ ಬಂದರು. ಹೆಂಡಂದಿರು ಜೊತೆಗಿದ್ದರು. ಆ ಮೆಟ್ಟಿಲ ಮೇಲೆಯೇ ಅದೇ ಪತ್ತೇದಾರಿ ಸಂಸ್ಥೆಯವರು ಇಬ್ಬರನ್ನೂ ಗುಂಡಿಟ್ಟು ಕೊಂದರು. ಕೊಂದವರಿಗೆ ಶಿಕ್ಷೆ ಆಗಲಿಲ್ಲ. ಅದಾದ ಮೇಲೆ ಸುಮಾರು 10,000 ಗಣಿ ಕೆಲಸಗಾರರು ಕುತ್ತಿಗೆಗೆ ಕೆಂಪು ವಸ್ತ್ರ ಕಟ್ಟಿಕೊಂಡು ಬ್ಲೇರ್ ಬೆಟ್ಟದ ಕಡೆ ಹೊರಟರು. ಬಿಳಿಯರು, ಕರಿಯರು, ಇಟಲಿಯಿಂದ ಬಂದವರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೆ ಒಂದಾಗುವುದಿಲ್ಲ ಅಂತ ಕಂಪನಿಗಳೇ ಬೆರೆಸಿ ಇಟ್ಟ ಜನ. ಕೊನೆಗೆ ಸರ್ಕಾರ ಸೈನ್ಯ ಕಳಿಸಿತು. ಇವರು ಬಂದೂಕು ಇಳಿಸಿ ಮನೆಗೆ ಹೋದರು.

ಇಷ್ಟೆಲ್ಲ ಕೇಳಿ ಹಸಿವಾಗಿತ್ತು. ಅದೇ ಬೀದಿಯ ಒಂದು ಸಣ್ಣ ಹೋಟೆಲಿಗೆ ಹೋದೆವು. ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ಬ್ರೆಡ್. ಅಪ್ಪ ಎರಡನೇ ಸಲ ಹಾಕಿಸಿಕೊಂಡರು. ಪಕ್ಕದ ಟೇಬಲ್ಲಿನಲ್ಲಿ ಆ ಹಿರಿಯರು ಒಬ್ಬರೇ ಕೂತಿದ್ದರು. ಹಣೆಯ ಮೇಲೆ ನೀಲಿ ಗೆರೆ. ಹಚ್ಚೆ ಅಂದುಕೊಂಡೆ. ಗಣಿಯಲ್ಲಿ ಗಾಯ ಆದಾಗ ಕಲ್ಲಿದ್ದಲ ಪುಡಿ ಒಳಗೇ ಉಳಿದು ಚರ್ಮ ಮುಚ್ಚಿಕೊಂಡರೆ ಹಾಗೆ ನೀಲಿಯಾಗುತ್ತದಂತೆ. ಅವರೇ ಹೇಳಿದರು. ಮಾತು ಶುರು ಮಾಡಿದ್ದೂ ಅವರೇ.

"ಇಂಡಿಯಾದವರಾ? ನನ್ನ ಶ್ವಾಸಕೋಶದ ಡಾಕ್ಟರ್ ಇಂಡಿಯಾದವರು" ಅಂದರು. ಈ ಬೆಟ್ಟದ ಊರುಗಳ ಆಸ್ಪತ್ರೆಗಳಲ್ಲಿ ಬಹಳ ವರ್ಷದಿಂದ ನಮ್ಮ ದೇಶದ ಡಾಕ್ಟರುಗಳು ಇದ್ದಾರೆ. ಬೇರೆಯವರು ಬರಲು ಒಪ್ಪದ ಜಾಗಕ್ಕೆ ಬಂದವರು. ಆ ಡಾಕ್ಟರ ಬಗ್ಗೆ ಅವರು ಮನೆಯವರ ಬಗ್ಗೆ ಮಾತಾಡಿದ ಹಾಗೆ ಮಾತಾಡಿದರು.

ಮೂವತ್ತಕ್ಕೂ ಹೆಚ್ಚು ವರ್ಷ ಗಣಿಯೊಳಗೆ ಇದ್ದವರು. ಈ ಬೆಟ್ಟಗಳಲ್ಲಿ ಕಲ್ಲಿದ್ದಲ ಪದರ ಎಷ್ಟೋ ಕಡೆ ಮೂರಡಿ ಎತ್ತರವೂ ಇರುವುದಿಲ್ಲ. ಅಲ್ಲಿ ನಿಲ್ಲುವ ಹಾಗೇ ಇಲ್ಲ. ಇಡೀ ಪಾಳಿ ಮಂಡಿಯ ಮೇಲೆ. ಅಪ್ಪ ಇದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ನಮ್ಮ ಸಂಡೂರಿನ ಕಡೆ ಗಣಿ ಅಂದರೆ ಬಯಲು. ಬೆಟ್ಟವನ್ನು ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತಾರೆ. ಮನುಷ್ಯ ಬಿಸಿಲಲ್ಲಿ ಬೇಯುತ್ತಾನೆ, ನಿಜ. ಆದರೆ ನಿಂತಿರುತ್ತಾನೆ. ತಾವು ಇಷ್ಟು ವರ್ಷ ರಾಶಿ ಹಾಕಿಸಿದ ಕೋಲ್ ಮಂಡಿಯೂರಿ ಕೂತವರು ತೆಗೆದದ್ದು ಅಂತ ಅಪ್ಪನಿಗೆ ಗೊತ್ತಿರಲಿಲ್ಲ.

ಆಗ ಹಿಂದೆ ರೈಲು ಬಂತು. ಲೋಟದ ನೀರು ಅಲುಗಾಡಿತು. ಕಲ್ಲಿದ್ದಲ ರೈಲು. ಅಪ್ಪ ಕಿಟಕಿಯ ಹೊರಗೆ ನೋಡಿ ಬಾಯಲ್ಲೇ ಎಣಿಸತೊಡಗಿದರು. ನಮ್ಮಲ್ಲಿ ಒಂದು ರೇಕ್ ಅಂದರೆ 58 ವ್ಯಾಗನ್. ಇದು ನೂರು ದಾಟಿದರೂ ಮುಗಿಯಲಿಲ್ಲ. ಪಕ್ಕದ ಟೇಬಲ್ಲಿನ ಹಿರಿಯರಿಗೆ ಕುತೂಹಲ ಆಯಿತು. "ಯಾಕೆ ಎಣಿಸ್ತಿದ್ದಾರೆ?" ಅಂತ ನನ್ನನ್ನು ಕೇಳಿದರು. ಹೇಳಿದೆ. ಇವರು ಉಕ್ಕಿನ ಕಾರ್ಖಾನೆಯಲ್ಲಿ ಕಲ್ಲಿದ್ದಲು ಇಳಿಸಿಕೊಳ್ಳುತ್ತಿದ್ದರು, ಅದರಲ್ಲಿ ಈ ಕಡೆಯದೂ ಇರುತ್ತಿತ್ತು ಅಂತ.

ಅವರು ಚಮಚ ಕೆಳಗಿಟ್ಟರು. ಅಪ್ಪನನ್ನೇ ನೋಡಿದರು. ಸ್ವಲ್ಪ ಹೊತ್ತು ನೋಡಿ ಆಮೇಲೆ ಕೇಳಿದರು.

"ನಮ್ಮ ಕಲ್ಲಿದ್ದಲು ಚೆನ್ನಾಗಿತ್ತಾ?"

ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ತಕ್ಷಣ ಉತ್ತರ ಕೊಡಲಿಲ್ಲ. ಕುರ್ಚಿ ತಿರುಗಿಸಿ ಅವರ ಕಡೆ ಸರಿಯಾಗಿ ಕೂತರು.

"ಸರಿಯಾಗಿ ಹೇಳವ್ವಾ ಅವರಿಗೆ. ಬರೀ ಚಲೋ ಇತ್ತು ಅನ್ನಬ್ಯಾಡ. ಬೂದಿ ಕಡಿಮಿ ಇತ್ತು. ಕಾದಾಗ ಚಲೋ ಕರಗಿ ಒಂದಕ್ಕೊಂದು ಹಿಡಕೊಳ್ತಿತ್ತು. ನಮ್ಮ ದೇಶದ ಕೋಲ್‌ನಾಗ ಬೂದಿ ಭಾಳ. ಇಂಥಾದ್ದು ಬೆರೆಸದಿದ್ರ ಕೋಕ್ ಪುಡಿ ಆಗ್ತಿತ್ತು, ಫರ್ನೇಸಿನಾಗ ನಿಲ್ತಿರಲಿಲ್ಲ. ಅದನ್ನೂ ಹೇಳು."

ಹೇಳಿದೆ. ಒಂದೂ ಬಿಡದೆ ಹೇಳಿದೆ. ಕಲ್ಲಿದ್ದಲನ್ನು ಗಾಳಿ ಆಡದ ಒಲೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸಿ ಕೋಕ್ ಮಾಡುತ್ತಾರೆ, ಆ ಕೋಕ್ ಮೇಲೆ ಅದಿರಿನ ಭಾರ ಬೀಳುತ್ತದೆ, ಪುಡಿಯಾದರೆ ಒಳಗೆ ಗಾಳಿ ಹೋಗುವುದಿಲ್ಲ. ಅಪ್ಪ ಹೇಳುತ್ತಾ ಹೋದರು, ನಾನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಅವರು ತಲೆ ಆಡಿಸುತ್ತಾ ಕೇಳಿದರು. ಕೇಳಿ ಮುಗಿದ ಮೇಲೆ, "ಎಷ್ಟು ಟನ್ ಆಯ್ತು ಅಂತ ದಿನಾ ಹೇಳ್ತಿದ್ರು. ಚೆನ್ನಾಗಿದೆ ಅಂತ ಯಾರೂ ಹೇಳಿರಲಿಲ್ಲ" ಅಂದರು. ಆಮೇಲೆ ಬಡಿಸುವ ಹುಡುಗಿಯ ಕಡೆ ತಿರುಗಿ ಜೋರಾಗಿ, "ಕೇಳಿದ್ಯಾ? ಬೂದಿ ಕಡಿಮೆಯಂತೆ!" ಅಂದರು. ಅಷ್ಟು ಜೋರಾಗಿ ಹೇಳಿದ್ದಕ್ಕೆ ಕೆಮ್ಮು ಬಂತು. ಹುಡುಗಿ ಓಡಿ ಬಂದು ಬೆನ್ನು ಸವರಿದಳು. ಕೆಮ್ಮುತ್ತಲೇ ನಗುತ್ತಿದ್ದರು.

ಈ ವಾರವೆಲ್ಲ ನನ್ನನ್ನು ಹಿಡಿದಿರುವುದು ಇದೇ. ಅವರು ಕೇಳಬಹುದಾಗಿದ್ದ ಪ್ರಶ್ನೆಗಳು ಎಷ್ಟೋ ಇದ್ದವು. ನಿಮಗೆ ಎಷ್ಟು ಸಂಬಳ ಕೊಡುತ್ತಿದ್ದರು, ನಿಮ್ಮಲ್ಲೂ ಹೀಗೆ ಕಾಯಿಲೆ ಬರುತ್ತಾ, ನಮ್ಮ ಕೆಲಸ ಹೋದದ್ದು ನಿಮ್ಮಿಂದಲಾ. ಇವನ್ನೆಲ್ಲ ಬಿಟ್ಟು ತಮ್ಮ ಕೆಲಸದ ಗುಣ ಕೇಳಿದರು. ಮಂಡಿ ಹೋಗಿದೆ, ಉಸಿರು ಹೋಗಿದೆ, ಆದರೂ ತಿಳಿಯಬೇಕಾಗಿದ್ದು ತಾವು ಕಳಿಸಿದ್ದು ಅಲ್ಲಿ ತಲುಪಿದಾಗ ಚೆನ್ನಾಗಿತ್ತಾ ಅಂತ. ಅಡುಗೆ ಮಾಡಿ ಬಡಿಸಿದ ತಾಯಿ ಉಪ್ಪು ಖಾರ ಸರಿ ಇತ್ತಾ ಅಂತ ಕೇಳುತ್ತಾಳಲ್ಲ, ಅದೇ ದನಿ.

ಅಪ್ಪನಿಗೂ ಯಾರೂ ಹೇಳಿರಲಿಲ್ಲ. ಅದೂ ಆಗ ಹೊಳೆಯಿತು. ಮೊರ್ಮುಗಾವಿನಲ್ಲಿ ಹಡಗಿಂದ ಇಳಿದ ಕಲ್ಲಿದ್ದಲು ಕ್ಯಾಸಲ್‌ರಾಕ್ ಘಟ್ಟ ಹತ್ತಿ, ದೂಧ್‌ಸಾಗರ್ ಜಲಪಾತದ ಮುಂದೆಯೇ ಹಾದು, ಹುಬ್ಬಳ್ಳಿ, ಹೊಸಪೇಟೆ ದಾಟಿ ತೋರಣಗಲ್ಲಿಗೆ ಬರುತ್ತದೆ. ಜಲಪಾತ ನೋಡಲು ಹೋದವರು ಆ ರೈಲಿನ ಫೋಟೋ ತೆಗೆಯುತ್ತಾರೆ. ಒಳಗೆ ಏನಿದೆ ಅಂತ ಕೇಳುವುದಿಲ್ಲ. ಯಾರ್ಡಿನಲ್ಲಿ ಅಪ್ಪ ಅದನ್ನು ಮಳೆಗಾಲದಲ್ಲಿ ನೀರು ನಿಲ್ಲದ ಹಾಗೆ, ಬೇಸಿಗೆಯಲ್ಲಿ ತಾನೇ ಬೆಂಕಿ ಹೊತ್ತಿಕೊಳ್ಳದ ಹಾಗೆ ಕಾದರು. ಅದರಿಂದ ಆದ ಉಕ್ಕಿನ ತಗಡು ಯಾರ ಕಾರಿನ ಬಾಗಿಲಾಯಿತು, ಯಾರ ಮನೆಯ ಮಾಡಾಯಿತು? ಕೆಲಸ ಚೆನ್ನಾಗಿತ್ತು ಅಂತ ಒಂದು ಮಾತು ಅವರಿಗೂ ಯಾವ ಕಡೆಯಿಂದಲೂ ಬರಲಿಲ್ಲ. ಪ್ರಶ್ನೆ ಕೇಳಿದಾಗ ಅಪ್ಪ ಕುರ್ಚಿ ತಿರುಗಿಸಿ ಕೂತದ್ದು ಅದಕ್ಕೇ ಇರಬೇಕು. ಅದರ ಬೆಲೆ ಅವರಿಗೆ ಗೊತ್ತಿತ್ತು.

ಆ ಆಕ್ಸಿಜನ್ ಕೊಳವೆಯ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಕಪ್ಪು ಶ್ವಾಸಕೋಶ ಅಂತಲೇ ಆ ರೋಗಕ್ಕೆ ಹೆಸರು. ಪುಡಿ ಒಳಗೆ ಹೋಗಿ ಶ್ವಾಸಕೋಶ ಗಟ್ಟಿಯಾಗುತ್ತದೆ. ವಾಸಿಯಾಗುವುದಿಲ್ಲ. 1968ರ ನವೆಂಬರ್‌ನಲ್ಲಿ ಇದೇ ರಾಜ್ಯದ ಫಾರ್ಮಿಂಗ್ಟನ್ ಗಣಿಯಲ್ಲಿ ಸ್ಫೋಟ ಆಗಿ 78 ಜನ ಸತ್ತರು. ಮುಂದಿನ ವರ್ಷ ಇಲ್ಲಿಯ ಗಣಿ ಕೆಲಸಗಾರರು ಈ ರೋಗಕ್ಕೆ ಪರಿಹಾರ ಬೇಕು ಅಂತ ಕೆಲಸ ನಿಲ್ಲಿಸಿದರು. 1969ರಲ್ಲಿ ಕಾನೂನು ಬಂತು, ಧೂಳಿಗೆ ಮಿತಿ ಬಂತು. ರೋಗ ಕಡಿಮೆಯಾಗುತ್ತಾ ಬಂತು. ಆಮೇಲೆ ಮತ್ತೆ ಏರಿದೆ. 25 ವರ್ಷ ಅಥವಾ ಅದಕ್ಕೂ ಜಾಸ್ತಿ ಗಣಿಯಲ್ಲಿ ದುಡಿದ ಈ ಭಾಗದವರಲ್ಲಿ ಐವರಲ್ಲಿ ಒಬ್ಬರಿಗೆ ಈ ರೋಗ ಇದೆ ಅಂತ 2018ರಲ್ಲಿ ಸರ್ಕಾರಿ ಸಂಶೋಧಕರೇ ಹೇಳಿದರು. ದಪ್ಪ ಪದರಗಳು ಮುಗಿದಿವೆ. ತೆಳು ಪದರ ತೆಗೆಯಲು ಯಂತ್ರ ಕಲ್ಲಿದ್ದಲ ಜೊತೆ ಮೇಲೆ ಕೆಳಗಿನ ಬಂಡೆಯನ್ನೂ ಕೊರೆಯುತ್ತದೆ. ಬಂಡೆಯ ಪುಡಿಯಲ್ಲಿ ಸಿಲಿಕಾ. ಅದು ಕಲ್ಲಿದ್ದಲ ಪುಡಿಗಿಂತ ಕೆಟ್ಟದ್ದು. ಆ ಸಿಲಿಕಾದ ಮಿತಿಯನ್ನು ಅರ್ಧಕ್ಕೆ ಇಳಿಸುವ ನಿಯಮ 2024ರಲ್ಲಿ ಬಂತು. ಕಲ್ಲಿದ್ದಲ ಗಣಿಗಳಲ್ಲಿ ಅದು 2025ರ ಏಪ್ರಿಲ್‌ನಲ್ಲಿ ಜಾರಿಗೆ ಬರಬೇಕಿತ್ತು. ಮುಂದಕ್ಕೆ ಹಾಕಿದರು. ಮುಂದಕ್ಕೆ ಹಾಕಿದವರಲ್ಲಿ ಯಾರೊಬ್ಬರೂ ಆ ಹಿರಿಯರ ಎದುರು ಕೂತು ಒಂದು ಊಟ ಮಾಡಿರಲಾರರು.

ಮಾತ್ರೆಯ ಜನ ಅಂದರಲ್ಲ ನಮ್ಮ ಪರಿಚಯದವರು, ಅವರಿಗೆ ಈ ಲೆಕ್ಕ ಹೇಳಬೇಕು ಅಂದುಕೊಂಡಿದ್ದೇನೆ. ಮೇಟ್‌ವಾನ್ ಪಕ್ಕದ ಪೇಟೆ ವಿಲಿಯಮ್ಸನ್. ಮೂರು ಸಾವಿರ ಜನ ಇರುವ ಊರು. ಅಲ್ಲಿಯ ಎರಡು ಔಷಧಿ ಅಂಗಡಿಗಳಿಗೆ ಹತ್ತು ವರ್ಷದಲ್ಲಿ ಚಟ ಹಿಡಿಸುವ ನೋವಿನ ಮಾತ್ರೆ 2 ಕೋಟಿ 8 ಲಕ್ಷ ಬಂದಿತ್ತು ಅಂತ 2018ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಬಯಲಿಗೆ ತಂದಿತು. ಮಂಡಿಯ ಮೇಲೆ ಮೂವತ್ತು ವರ್ಷ ದುಡಿದವರಿಗೆ ನೋವು ಇರುವುದಿಲ್ಲವೇ? ಆ ನೋವಿನ ಮೇಲೆ ದುಡ್ಡು ಮಾಡಿದವರು ಬೇರೆ ಎಲ್ಲೋ ಇದ್ದಾರೆ. ಹೆಸರು ಕೆಟ್ಟಿದ್ದು ಮಾತ್ರ ಈ ಬೆಟ್ಟದವರದು.

"ಯಾಕೆ ಊರು ಬಿಟ್ಟು ಹೋಗಲ್ಲ ಇವರು?" ಇದು ಇನ್ನೊಂದು ಮಾತು, ಎಲ್ಲರೂ ಹೇಳುವುದು. ಬಿಟ್ಟು ಹೋದವರೇ ಜಾಸ್ತಿ. ಲಕ್ಷ ಇದ್ದದ್ದು ಹತ್ತೊಂಬತ್ತು ಸಾವಿರ ಆದದ್ದು ಮತ್ತೆ ಹೇಗೆ? ಉಳಿದವರಿಗೆ ಮನೆ ಇದೆ, ಆದರೆ ಅದನ್ನು ಮಾರಿದರೆ ಬೇರೆ ಊರಿನಲ್ಲಿ ಒಂದು ಕೋಣೆಯೂ ಬರುವುದಿಲ್ಲ. ಗುಡ್ಡದ ಮೇಲೆ ಅಪ್ಪ ಅಮ್ಮನ ಸಮಾಧಿ ಇದೆ. ಕೆಮ್ಮು ಬಂದಾಗ ಓಡಿ ಬಂದು ಬೆನ್ನು ಸವರುವ ಹುಡುಗಿ ಇದ್ದಾಳೆ. ಷಾರ್ಲಟ್‌ನ ನನ್ನ ಬೀದಿಯಲ್ಲಿ ಅಂಥವರು ಯಾರಿದ್ದಾರೆ ಅಂತ ಯೋಚಿಸಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ನಮ್ಮ ಕಡೆಯೂ ಹೀಗೇ ಆಗಿತ್ತು. ನಿಲ್ಲಿಸಬೇಕಾಗಿದ್ದೇ ಸರಿ, ಲೂಟಿ ಅಷ್ಟು ಇತ್ತು. ಲೂಟಿ ಮಾಡಿದವರಿಗೆ ಊಟ ತಪ್ಪಲಿಲ್ಲ. ಸಾಲ ಮಾಡಿ ಲಾರಿ ಕೊಂಡವರು, ಪಂಕ್ಚರ್ ಅಂಗಡಿಯವರು, ರಸ್ತೆ ಪಕ್ಕ ಮಿರ್ಚಿ ಕರಿಯುವವರು ತಿಂಗಳುಗಟ್ಟಲೆ ದಿಕ್ಕಿಲ್ಲದೆ ಕೂತರು.

ಕಲ್ಲಿದ್ದಲು ಹೀಗೇ ಉರಿಯುತ್ತಾ ಇರಲಿ ಅಂತ ನಾನು ಹೇಳುವುದಿಲ್ಲ. ಬಿಸಿಲು, ಮಳೆ ಎಲ್ಲ ಹೇಗೆ ಕೆಟ್ಟಿದೆ ಅಂತ ಎಲ್ಲರಿಗೂ ಗೊತ್ತು. ಈ ಕಣಿವೆಗಳ ಪ್ರವಾಹ ನೋಡಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. 2025ರ ಫೆಬ್ರವರಿಯಲ್ಲಿ ವೆಲ್ಚ್ ಮತ್ತೆ ಮುಳುಗಿತ್ತು. ಕಲ್ಲಿದ್ದಲು ಇಲ್ಲದೆ ಉಕ್ಕು ಮಾಡುವ ದಾರಿ ಹುಡುಕುತ್ತಿದ್ದಾರೆ, ಸಿಗಲಿ. ಆದರೆ ಅದು ಸಿಕ್ಕ ದಿನ ಈ ಜನರನ್ನು ಬಳಸಿ ಎಸೆದ ಸಾಮಾನಿನ ಹಾಗೆ ಬಿಟ್ಟು ಹೋಗಬಾರದು. ಇವರ ಔಷಧಿ, ಇವರ ಪಿಂಚಣಿ, ಇವರ ಮಕ್ಕಳ ಶಾಲೆ ಆ ಉಕ್ಕಿನ ಬೆಲೆಯಲ್ಲೇ ಸೇರಿರಬೇಕಿತ್ತು. ಸೇರಿಸಲಿಲ್ಲ. ಅದಕ್ಕೇ ಉಕ್ಕು ನಮಗೆ ಅಷ್ಟು ಅಗ್ಗವಾಗಿ ಸಿಕ್ಕಿತು.

ಹೊರಡುವಾಗ ಆ ಹಿರಿಯರು ಒಂದು ಕಾಗದದ ಕರವಸ್ತ್ರದ ಮೇಲೆ ವಿಳಾಸ ಬರೆದುಕೊಟ್ಟರು. ಫರ್ನೇಸಿನ ಒಂದು ಫೋಟೋ ಕಳಿಸಿ ಅಂದರು. ಭಾನುವಾರ ಬೆಳಿಗ್ಗೆಯೇ ಅಪ್ಪ ತೋರಣಗಲ್ಲಿನ ಹಳೆಯ ಸ್ನೇಹಿತರಿಗೆ ಫೋನ್ ಹಚ್ಚಿದರು. ಅಲ್ಲಿ ಆಗ ಸಂಜೆ. ಒಬ್ಬರು ವ್ಯಾಗನ್ ಮಗುಚಿ ಕಲ್ಲಿದ್ದಲು ಸುರಿಸುವ ಟಿಪ್ಲರ್‌ನಲ್ಲಿ ಇದ್ದವರು, ಇನ್ನೊಬ್ಬರು ಲ್ಯಾಬಿನಲ್ಲಿ ಬೂದಿ ಅಳೆಯುತ್ತಿದ್ದವರು. ಕಥೆ ಎಲ್ಲ ಹೇಳಿದರು. ಲ್ಯಾಬಿನವರು ನಡುವೆ ತಡೆದು, "ನೀ ಏನ್ ಹೇಳಿದಿ ಅವರಿಗೆ? ಗಂಧಕ ಕಡಿಮಿ ಇತ್ತು ಅಂತ ಹೇಳಿದೇನು?" ಅಂದರು. ಅಪ್ಪ ಅದನ್ನು ಬಿಟ್ಟಿದ್ದರು. "ಕಾಗದದಾಗ ಬರಿ ಮತ್ತ" ಅಂದರು ಅವರು.

ಹಾಗಾಗಿ ಈ ವಾರ ಸಂಜೆಗಳಲ್ಲಿ ಒಂದು ಕಾಗದ ತಯಾರಾಗುತ್ತಿದೆ. ಅಪ್ಪ ಹೇಳುತ್ತಾರೆ, ನಾನು ಇಂಗ್ಲಿಷಿಗೆ ತಿರುಗಿಸಿ ಬರೆಯುತ್ತೇನೆ. ಹಡಗು, ಘಟ್ಟ, ಜಲಪಾತ, ರೇಕ್ ಎಲ್ಲ ಬಂದಿದೆ. ಬೂದಿ ಬಂದಿದೆ, ಗಂಧಕವೂ ಬಂದಿದೆ. ಕೆಳಗೆ ಅಪ್ಪನ ಹೆಸರು ಒಂದೇ ಸಾಲದಂತೆ. ಟಿಪ್ಲರ್‌ನವರದು, ಲ್ಯಾಬಿನವರದು, ಕೋಕ್ ಓವನ್‌ನಲ್ಲಿ ಇದ್ದ ಇನ್ನಿಬ್ಬರದು ಸೇರಿಸಬೇಕಂತೆ, ಯಾರು ಯಾವ ಕೆಲಸ ಮಾಡುತ್ತಿದ್ದರು ಅಂತಲೂ ಪಕ್ಕದಲ್ಲಿ ಬರೆಯಬೇಕಂತೆ.